ಹುಳಿ ಕೊನೆಗೆ

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದ ಮೊದಲ ಚಳಿಗಾಲ. ಆಫೀಸ್ ಕ್ಯಾಂಟೀನಿನ ಪಟ್ಟಿಯಲ್ಲಿ ಲಿನ್ಸೆನ್ ಅಂತ ಓದಿ ಖುಷಿಯಾಯಿತು. ಲಿನ್ಸೆನ್ ಅಂದರೆ ಮಸೂರ್. ಬಂದ ತಟ್ಟೆಯಲ್ಲಿ ಕಂದು ಬಣ್ಣದ ಇಡೀ ಕಾಳಿನ ಗಟ್ಟಿ ಗೊಜ್ಜು, ಪಕ್ಕದಲ್ಲಿ ಮೊಟ್ಟೆ ಹಾಕಿ ಮಾಡಿದ ಗಿಡ್ಡ ಶಾವಿಗೆಯಂಥ ಶ್ಪೆಟ್ಸ್ಲೆ, ಮೇಲೆ ಒಂದು ಜೊತೆ ಸಾಸೇಜ್. ಒಗ್ಗರಣೆ ಇಲ್ಲ, ಖಾರ ಇಲ್ಲ. ಸಪ್ಪೆ ಇರುತ್ತೆ ಅಂದುಕೊಂಡು ಬಾಯಿಗಿಟ್ಟರೆ ಒಳ್ಳೆ ಹುಳಿ! ವಿನೆಗರ್ ಹುಳಿ. ಇದನ್ನು ಮನೆಯಲ್ಲಿ ಮಾಡಲೇಬೇಕು ಅನಿಸಿತು.

ಇದು ಇಲ್ಲಿನ ಶ್ವೇಬಿಷ್ ಜನರ ಮನೆ ಊಟ. ಹತ್ತಿರದ ಶ್ವೇಬಿಷ್ ಆಲ್ಬ್ ಎಂಬ ಸುಣ್ಣಕಲ್ಲಿನ ಗುಡ್ಡನಾಡಿನಲ್ಲಿ ಮಣ್ಣು ತೆಳು, ಕಲ್ಲು ಜಾಸ್ತಿ. ಅಲ್ಲಿ ಮಸೂರ್ ಬೆಳೆಯುತ್ತಿತ್ತು. ಆಮೇಲೆ ಲಾಭವಿಲ್ಲ ಅಂತ ಬಿಟ್ಟರು. 1985ರಲ್ಲಿ ಲೌಟರಾಖ್ ಊರಿನ ವೋಲ್ಡೆಮಾರ್ ಮಾಮೆಲ್ ಎಂಬ ರೈತ ಮತ್ತೆ ಬಿತ್ತಿದರು. ಆದರೆ ಹಳೆಯ ನಾಟಿ ತಳಿ ಕಳೆದೇ ಹೋಗಿತ್ತು. ಅದು ಸಿಕ್ಕಿದ್ದು 2006ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ವಾವಿಲೋವ್ ಬೀಜ ಸಂಗ್ರಹದಲ್ಲಿ! ಮಸೂರ್ ಗಿಡಕ್ಕೆ ನೆಟ್ಟಗೆ ನಿಲ್ಲುವ ಶಕ್ತಿ ಇಲ್ಲ. ಅದಕ್ಕೆ ಆಸರೆಯಾಗಿ ಬಾರ್ಲಿಯನ್ನೋ ಓಟ್ಸನ್ನೋ ಜೊತೆಗೇ ಬಿತ್ತುತ್ತಾರೆ. ನನಗೆ ನಮ್ಮ ರಾಗಿ ಹೊಲದ ಅಕ್ಕಡಿ ಸಾಲು ನೆನಪಾಯಿತು.

ಸರಿ, ಅಡುಗೆಗೆ ಬರೋಣ. ನಾಲ್ಕು ಜನಕ್ಕೆ 250 ಗ್ರಾಂ ಸಿಪ್ಪೆಯಿರುವ ಇಡೀ ಮಸೂರ್ ಸಾಕು. ಬೆಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಸಣ್ಣಗೆ ಹೆಚ್ಚಿದ ಕ್ಯಾರೆಟ್, ಸೆಲರಿ ಗೆಡ್ಡೆ, ಲೀಕ್ ಸೊಪ್ಪು ಹಾಕಿ ಒಂದೆರಡು ನಿಮಿಷ ಹುರಿದೆ. ಕಾಳು, ಪಲಾವ್ ಎಲೆ, ಒಂದು ಲೀಟರ್ ನೀರು. ಅಲ್ಲಿಯವರೆಗೆ ಎಲ್ಲ ಸರಿ ಇತ್ತು. ಆಮೇಲೆ ಉತ್ಸಾಹದಲ್ಲಿ ವಿನೆಗರ್ ಕೂಡ ಸುರಿದುಬಿಟ್ಟೆ.

ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಕಾಳು ಬೇಯಲೇ ಇಲ್ಲ. ಒಂದೂಕಾಲು ಗಂಟೆಯಾದರೂ ಹಲ್ಲಿಗೆ ಸಿಗುತ್ತಿತ್ತು. ಮರುದಿನ ಮೆಟ್ಟಿಲ ಹತ್ತಿರ ಸಿಕ್ಕ ಕೆಳಮನೆ ಅಜ್ಜಿಗೆ ನನ್ನ ಹರುಕು ಜರ್ಮನ್‌ನಲ್ಲಿ ಕಥೆ ಹೇಳಿದೆ. ಅವರು ಕೇಳಿದ್ದು ಒಂದೇ: "ವಿನೆಗರ್ ಯಾವಾಗ ಹಾಕಿದಿರಿ?"

ನಾಚಿಕೆಯಾಯಿತು. ಬೇಳೆ ಬೇಯುವ ಮೊದಲು ಹುಣಸೆಹುಳಿ ಹಾಕಬಾರದು ಅಂತ ಅಮ್ಮ ಎಷ್ಟು ಸಲ ಹೇಳಿಲ್ಲ! ಹುಳಿ ಬಿದ್ದರೆ ಕಾಳಿನ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಸುಲಭಕ್ಕೆ ಕರಗುವುದಿಲ್ಲ. ಹುಣಸೆಯಾದರೇನು, ವಿನೆಗರ್ ಆದರೇನು. ಊರು ಬಿಟ್ಟು ಬಂದ ಮೇಲೆ ಅಡುಗೆಮನೆ ಬುದ್ಧಿಯನ್ನೂ ಅಲ್ಲೇ ಬಿಟ್ಟು ಬಂದಿದ್ದೆನೋ ಏನೋ.

ಎರಡನೇ ಸಲ ಕಾಳು ಅರ್ಧ ಗಂಟೆ ದಾಟುತ್ತಿದ್ದಂತೆ ಮೆತ್ತಗಾಯಿತು. ಒಂದು ಚಮಚ ಮೈದಾವನ್ನು ಬೆಣ್ಣೆಯಲ್ಲಿ ಕಂದು ಬರುವಂತೆ ಹುರಿದು ಬೆರೆಸಿದೆ. ಗೊಜ್ಜು ಗಟ್ಟಿಯಾಗುವುದು ಅದರಿಂದ. ಆಮೇಲೆ ಉಪ್ಪು, ಕಾಳುಮೆಣಸಿನ ಪುಡಿ (ಮೆಣಸಿನಪುಡಿ ಅಲ್ಲ). ಕೊನೆಗೆ ಎರಡು ಚಮಚ ವಿನೆಗರ್.

ಸಾಸೇಜಿಗೆ ಇಲ್ಲಿ ಸೈಟನ್‌ವುರ್ಸ್ಟ್ಲೆ ಅಂತಾರೆ. ಕುರಿಯ ಕರುಳಿನ ಸಿಪ್ಪೆಯೊಳಗೆ ತುಂಬಿದ ತೆಳ್ಳನೆ ಹಂದಿಮಾಂಸದ ಸಾಸೇಜ್. ಕೋಳಿಯದೂ ಸಿಗುತ್ತದೆ. ಅದು ಮೊದಲೇ ಬೆಂದಿರುತ್ತದೆ, ಬಿಸಿಯಾದರೆ ಸಾಕು. ನೀರು ಕುದಿಸಿ, ಒಲೆ ಆರಿಸಿ, ಹತ್ತು ನಿಮಿಷ ಅದರಲ್ಲಿ ಬಿಡಬೇಕು. ಕುದಿಯುವ ನೀರಿಗೆ ಹಾಕಿದರೆ ಒಡೆದುಹೋಗುತ್ತದೆ. ಅದನ್ನೂ ನಾನು ಮಾಡಿ ನೋಡಿದ್ದೇನೆ, ಬಿಡಿ. ಶ್ಪೆಟ್ಸ್ಲೆ ಮಾತ್ರ ಅಂಗಡಿಯದು. ಹಲಗೆ ಮೇಲೆ ಹಿಟ್ಟು ಹರಡಿ ಕುದಿಯುವ ನೀರಿಗೆ ಸವರಿ ಬೀಳಿಸುವ ಕೈಚಳಕ ನನಗಿಲ್ಲ.

ಒಂದು ಡಬ್ಬಿ ಅಜ್ಜಿಗೂ ಕೊಟ್ಟೆ. ಬೈಯಲಿಲ್ಲ ಅಂದರೆ ಅದೇ ಹೊಗಳಿಕೆ ಅಂತ ಶ್ವೇಬಿಷ್ ಜನರ ಮಾತಿದೆ. ಅಜ್ಜಿ ಬೈಯಲಿಲ್ಲ. ತೊಳೆದ ಡಬ್ಬಿ ವಾಪಸ್ ಕೊಡುವಾಗ ಜೊತೆಗೆ ಅರ್ಧ ಬಾಟಲಿ ವಿನೆಗರ್ ಕೈಗಿಟ್ಟರು.