ನಮ್ಮಲ್ಲಿ ಮಕ್ಕಳಿರಲಿಲ್ವಾ?

ಮದುವೆ ಮನೆಯಿರಲಿ, ತಿಪಟೂರಿನ ಬಸ್ಸಿರಲಿ, ನಾನು ಟಾಂಜಾನಿಯಾದ ಒಂದು ಶಾಲೆಯಲ್ಲಿ ಎರಡು ವರ್ಷ ಸಂಬಳವಿಲ್ಲದೆ ಕೆಲಸ ಮಾಡಿದೆ ಅಂತ ಗೊತ್ತಾದರೆ ಸಾಕು, ಒಂದೇ ಪ್ರಶ್ನೆ. ಚಿಕ್ಕಮ್ಮ ಕೇಳಿದ್ದು ಹೀಗೆ: "ಅಲ್ಲ ಕಣೇ, ನಮ್ಮಲ್ಲಿ ಬಡವರ ಮಕ್ಕಳಿರಲಿಲ್ವಾ? ಪಾಠ ಹೇಳೋಕೆ ಆಫ್ರಿಕಾಕ್ಕೇ ಹೋಗಬೇಕಿತ್ತಾ?"

ಮೊದಲು ನಿಜ ಹೇಳಿಬಿಡುತ್ತೇನೆ. ಸೇವೆ ಮಾಡಬೇಕು ಅಂತ ವಿಮಾನ ಹತ್ತಿದವಳಲ್ಲ ನಾನು. ನಮ್ಮನೆಯವರಿಗೆ ದಾರ್ ಎಸ್ ಸಲಾಮ್‌ನಲ್ಲಿ ಕೆಲಸ ಸಿಕ್ಕಿತು, ಅವರ ಹಿಂದೆ ಹೋದೆ. ಉಪಾಂಗ ಬಡಾವಣೆಯಲ್ಲಿ ಮನೆ. ಕೆಳಗಿಳಿದರೆ ಗುಜರಾತಿಗಳ ಅಂಗಡಿ. ಸ್ವಾಹಿಲಿಯಲ್ಲಿ ಅಂಗಡಿಗೆ 'ದುಕಾ', ದುಡ್ಡಿಗೆ 'ಪೇಸಾ', ಗಾಡಿಗೆ 'ಗಾರಿ'. ಹೊರದೇಶ ಅನ್ನಿಸುವುದೇ ಕಡಿಮೆ. ಆದರೆ ಆರು ತಿಂಗಳು ಕಳೆಯುವಷ್ಟರಲ್ಲಿ ಸುಮ್ನೆ ಕೂತು ಕೂತು ತಲೆ ಕೆಟ್ಟಿತು. ಊರಲ್ಲಿದ್ದಾಗ ಹೈಸ್ಕೂಲ್ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದೆ. ಅಲ್ಲಿಯೂ ಯಾರಾದರೂ ಸಿಕ್ಕಾರು ಅಂತ ಹುಡುಕಿದೆ. ಆದ್ದರಿಂದ ಚಿಕ್ಕಮ್ಮನಿಗೆ ಮೊದಲ ಉತ್ತರ ತೀರಾ ಸಪ್ಪೆ: ನಾನು ಅಲ್ಲಿದ್ದೆ, ಆ ಮಕ್ಕಳು ಅಲ್ಲಿದ್ದರು.

ಇಲ್ಲೊಂದು ಮಾತು. ಅಲ್ಲಿ ಸಂಬಳವಿಲ್ಲದ ಕೆಲಸಕ್ಕೂ ಪರ್ಮಿಟ್ ಬೇಕು, 'ಕ್ಲಾಸ್ ಸಿ' ಅಂತ. ಪ್ರವಾಸಿ ವೀಸಾದಲ್ಲಿ ಹೋಗಿ ಶಾಲೆಯಲ್ಲಿ ಕೂರುವ ಹಾಗಿಲ್ಲ. ಕಾಗದಪತ್ರಕ್ಕೆ ಅಲೆದು ಸಾಕಾಯಿತು.

ಶಾಲೆ ಇದ್ದದ್ದು ಊರಿನ ದಕ್ಷಿಣಕ್ಕೆ, ಎಂಬಗಾಲಾದಲ್ಲಿ. ಅಲ್ಲಿಗೆ 'ದಾಲಾದಾಲಾ', ಅಂದರೆ ನಮ್ಮ ಮ್ಯಾಕ್ಸಿಕ್ಯಾಬ್‌ನಂಥ ಮಿನಿ ಬಸ್. ಮುಖ್ಯೋಪಾಧ್ಯಾಯಿನಿ 'ಸಾ ಎಂಬಿಲಿ'ಗೆ ಬನ್ನಿ ಅಂದಿದ್ದರು. ಎಂಬಿಲಿ ಅಂದರೆ ಎರಡು. ಊಟ ಮುಗಿಸಿ ಮಧ್ಯಾಹ್ನ ಎರಡಕ್ಕೆ ಹೋದೆ. ಅವರು ಬೆಳಗ್ಗೆ ಎಂಟರಿಂದ ಕಾಯುತ್ತಿದ್ದರು! ಸ್ವಾಹಿಲಿಯಲ್ಲಿ ಹೊತ್ತನ್ನು ಎಣಿಸುವುದು ಸೂರ್ಯ ಹುಟ್ಟಿದ ಮೇಲೆ. ಬೆಳಗ್ಗೆ ಏಳು ಅಂದರೆ ಮೊದಲ ಗಂಟೆ, ಎಂಟು ಅಂದರೆ ಎರಡನೆಯದು. ನಮ್ಮ ಅಜ್ಜ ಗಳಿಗೆ ಲೆಕ್ಕ ಹಾಕುತ್ತಿದ್ದದ್ದೂ ಸೂರ್ಯೋದಯದಿಂದಲೇ ಅಲ್ವಾ? ಆಗ ಹೊಳೆಯಲಿಲ್ಲ, ಅಷ್ಟೆ.

ಒಳಗೆ ಕಾಲಿಟ್ಟ ಕೂಡಲೇ ನೂರಕ್ಕೂ ಹೆಚ್ಚು ಮಕ್ಕಳು ದಡಬಡ ಎದ್ದು ನಿಂತು ಒಂದೇ ಸ್ವರದಲ್ಲಿ "ಶಿಕಾಮೂ ಮ್ವಾಲಿಮು!" ಅಂದರು. ಮ್ವಾಲಿಮು ಅಂದರೆ ಟೀಚರ್. ಶಿಕಾಮೂ ಅನ್ನುವುದು ಹಿರಿಯರಿಗೆ ಹೇಳುವ ನಮಸ್ಕಾರ, ಮೂಲದಲ್ಲಿ 'ನಿಮ್ಮ ಪಾದ ಹಿಡಿಯುತ್ತೇನೆ' ಅಂತ ಅರ್ಥವಂತೆ. ಅದಕ್ಕೆ 'ಮರಹಬಾ' ಅಂತ ಉತ್ತರ ಕೊಡಬೇಕು. ನಾನು ಕೈ ಮುಗಿದು ನಿಂತೆ. ಇಡೀ ತರಗತಿ ನಕ್ಕಿತು.

ಮಕ್ಕಳು ಜಾಸ್ತಿ, ಕೋಣೆ ಕಡಿಮೆ. ಹಾಗಾಗಿ ಬೆಳಗ್ಗೆ ಒಂದು ಪಾಳಿ, ಮಧ್ಯಾಹ್ನ ಇನ್ನೊಂದು. ಮೊದಲ ತಿಂಗಳು ನಾನೇ ಬೋರ್ಡಿನ ಮುಂದೆ ನಿಂತೆ. ಅದು ತಪ್ಪು. ನನ್ನ ಮುರುಕು ಸ್ವಾಹಿಲಿ ಕೇಳಿ ಮಕ್ಕಳು ಖುಷಿಪಟ್ಟರು, ಲೆಕ್ಕ ಮಾತ್ರ ಕಲಿಯಲಿಲ್ಲ. ಚೆನ್ನಾಗಿ ಪಾಠ ಮಾಡಬಲ್ಲ ಟೀಚರ್ ಹೊರಗೆ ಮರದ ಕೆಳಗೆ ಕೂತಿರುತ್ತಿದ್ದರು. ಆ ಶಾಲೆಗೆ ಮೇಷ್ಟ್ರುಗಳ ಕೊರತೆ ಇತ್ತು ನಿಜ. ಭಾಷೆ ಬಾರದ ಮೇಷ್ಟ್ರುಗಳ ಕೊರತೆ ಇರಲಿಲ್ಲ.

ಆಮೇಲೆ ಹಿಂದಿನ ಬೆಂಚಿಗೆ ಹೋದೆ. ನೋಟ್‌ಬುಕ್ ತಿದ್ದಿದೆ. ಸೋಡಾ ಬಾಟಲಿಯ ಮುಚ್ಚಳ ಗುಡ್ಡೆ ಹಾಕಿ, ಹಿಂದುಳಿದ ಏಳೆಂಟು ಮಕ್ಕಳಿಗೆ ಭಾಗಾಕಾರ ತೋರಿಸಿದೆ. ಎಣಿಸುವಷ್ಟು ಸ್ವಾಹಿಲಿ ಸಾಕಿತ್ತು ಅದಕ್ಕೆ. ಬಿಡುವಿನಲ್ಲಿ ಗಂಜಿ ಕುಡಿದೆ. ಅವರು 'ಉಜಿ' ಅನ್ನುತ್ತಾರೆ. ಸಾಮಾನ್ಯವಾಗಿ ಜೋಳದ್ದು, ಮೆಕ್ಕೆಜೋಳ. ಒಂದು ದಿನ ಟೀಚರ್ ಮನೆಯಿಂದ ಫ್ಲಾಸ್ಕಿನಲ್ಲಿ ತಂದದ್ದು ಕಂದು ಬಣ್ಣದ್ದು. ಒಂದು ಗುಟುಕು ಕುಡಿದೆ, ನಮ್ಮ ರಾಗಿ ಗಂಜಿ! ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನಾಡು. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆ ಬಂದದ್ದು. ಅವರು ಅದಕ್ಕೆ 'ಉಲೇಜಿ' ಅನ್ನುತ್ತಾರೆ, ಮಕ್ಕಳನ್ನು ಸಾಕಿ ಬೆಳೆಸುವುದಕ್ಕೂ ಅದೇ ಪದ ಇದೆ. ನಮ್ಮ ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ರಾಗಿ ನಮ್ಮದೇ ಕಣೆ, ಅವರು ಕದ್ದಿರಬೇಕು" ಅಂದರು.

ನಿಜವಾದ ಕೆಲಸ ಸಿಕ್ಕಿದ್ದು ಇನ್ನೊಂದು ಕಡೆ. ಅಲ್ಲಿಯ ಸರ್ಕಾರಿ ಶಾಲೆಗಳಲ್ಲಿ ನಾನಿದ್ದಾಗ ಏಳನೇ ತರಗತಿವರೆಗೆ ಎಲ್ಲವೂ ಸ್ವಾಹಿಲಿಯಲ್ಲಿ. ಆಮೇಲೆ ಫಾರ್ಮ್ ಒನ್, ಅಂದರೆ ಹೈಸ್ಕೂಲಿನ ಮೊದಲ ವರ್ಷ. ಅಲ್ಲಿಂದ ಎಲ್ಲ ಇಂಗ್ಲಿಷ್. 2016ರಿಂದ ಫಾರ್ಮ್ ಫೋರ್‌ವರೆಗೆ ಸರ್ಕಾರಿ ಶಾಲೆಯಲ್ಲಿ ಫೀಸಿಲ್ಲ. ಬಾಗಿಲೇನೋ ತೆರೆಯಿತು. ಒಳಗೆ ಹೋದ ಮಗುವಿಗೆ ಗೊತ್ತಿರುವ ಲೆಕ್ಕವೂ ಗೊತ್ತಿಲ್ಲದ ಹಾಗಾಗುತ್ತದೆ. 'ಗವಾನ್ಯಾ' ಅಂದರೆ ಚಕಚಕ ಮಾಡುವ ಹುಡುಗಿ 'ಡಿವೈಡ್' ಅಂದರೆ ತಲೆ ತಗ್ಗಿಸುತ್ತಾಳೆ.

ಆ ತಗ್ಗಿಸಿದ ತಲೆ ನನಗೆ ಗೊತ್ತು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ ನನ್ನದು. ಗಣಿತದಲ್ಲಿ ಊರಿಗೇ ಮೊದಲು. ಪಿಯುಸಿ ಮೊದಲ ವಾರ ಲೆಕ್ಚರರ್ 'ಡಿನಾಮಿನೇಟರ್' ಏನು ಅಂತ ಎಬ್ಬಿಸಿ ಕೇಳಿದರು. ಛೇದ ಅಂತ ಯಾರಾದರೂ ಕಿವಿಯಲ್ಲಿ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಪೀರಿಯಡ್ ಮುಗಿಯುವವರೆಗೆ ನಿಂತಿದ್ದೆ.

ಟೀಚರ್‌ಗೆ ಈ ಕಥೆ ಹೇಳಿದೆ. ಅವರದೂ ಅದೇ ಕಥೆ. ಇಬ್ಬರೂ ಸೇರಿ ಏಳನೇ ತರಗತಿಯ ಗೋಡೆಗೆ ಡ್ರಾಯಿಂಗ್ ಶೀಟಿನಲ್ಲಿ ಪದಪಟ್ಟಿ ಮಾಡಿದೆವು. ಎಡಕ್ಕೆ ಸ್ವಾಹಿಲಿ, ಬಲಕ್ಕೆ ಇಂಗ್ಲಿಷ್, ನಡುವೆ ಚಿತ್ರ. ವಾರಕ್ಕೆ ಹತ್ತು ಪದ. ನಾನು ಬರೆಯುವುದು, ಅವರು ಕಲಿಸುವುದು. ಎರಡು ವರ್ಷದಲ್ಲಿ ನಾನು ಮಾಡಿದ ಉಪಯೋಗದ ಕೆಲಸ ಅಂದರೆ ಇದೇ. ಇದನ್ನು ತಿಪಟೂರಿನಲ್ಲೂ ಮಾಡಬಹುದಿತ್ತು. ಚಿಕ್ಕಮ್ಮ ಹೇಳಿದ್ದರಲ್ಲಿ ಅಷ್ಟು ನಿಜವಿದೆ. ಈಗ ಇಲ್ಲಿಯ ಹೈಸ್ಕೂಲಿನಲ್ಲಿ ಶನಿವಾರ ಅದನ್ನೇ ಮಾಡುತ್ತಿದ್ದೇನೆ. ಅಲ್ಲಿಗೆ ಹೋಗದಿದ್ದರೆ ಹೊಳೆಯುತ್ತಿತ್ತಾ? ಗೊತ್ತಿಲ್ಲ.

ಹುಡುಗ ಹುಡುಗಿಯರು ಈಗ ಇನ್ನೊಂದು ಪ್ರಶ್ನೆ ಕೇಳುತ್ತಾರೆ: "ಆಂಟಿ, ಎರಡು ವಾರ ರಜೆ ಇದೆ, ಅಲ್ಲಿ ಯಾವುದಾದರೂ ಅನಾಥಾಶ್ರಮದಲ್ಲಿ ಇರಬಹುದಾ?" ಬೇಡ ಅನ್ನುತ್ತೇನೆ. ಒಮ್ಮೆ ಅಂಥ ಒಂದು ಕಡೆ ಹೋಗಿದ್ದೆ. ಬಂದವರ ಮುಂದೆ ಮಕ್ಕಳು ಹಾಡಬೇಕು. ನಾಲ್ಕು ವರ್ಷದ ಒಂದು ಮಗು ಹೆಸರು ಕೂಡ ಕೇಳದೆ ತೊಡೆಯೇರಿ ಕತ್ತು ತಬ್ಬಿತು. ಎಲ್ಲರಿಗೂ ಮುದ್ದು ಬಂತು, ಫೋಟೋ ತೆಗೆದರು. ನನಗೆ ಹೆದರಿಕೆಯಾಯಿತು. ಗೊತ್ತಿಲ್ಲದವರ ಕತ್ತು ತಬ್ಬಿ, ಅವರು ಹೋಗುವುದನ್ನು ನೋಡಿ, ಮುಂದಿನವರಿಗೆ ಮತ್ತೆ ತಬ್ಬುವುದು, ಎಷ್ಟು ಸಲ? ಜಗತ್ತಿನಲ್ಲಿ ಇಂಥ ಕಡೆ ಇರುವ ಐವರು ಮಕ್ಕಳಲ್ಲಿ ಕನಿಷ್ಠ ನಾಲ್ವರಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ ಅಂತ ಸೇವ್ ದ ಚಿಲ್ಡ್ರನ್ ಸಂಸ್ಥೆ 2009ರಲ್ಲೇ ಹೇಳಿತ್ತು. ಪಕ್ಕದ ಕೀನ್ಯಾ 2017ರಲ್ಲಿ ಹೊಸ ಆಶ್ರಮಗಳ ನೋಂದಣಿಯನ್ನೇ ನಿಲ್ಲಿಸಿತು. ಎರಡು ವಾರ ಇದ್ದರೆ ಕಿಲಿಮಂಜಾರೋ ನೋಡಿ ಬನ್ನಿ, ಗೈಡ್‌ಗೆ ಒಳ್ಳೆಯ ದುಡ್ಡು ಕೊಡಿ.

ಅಂದ ಹಾಗೆ, ಇದೇ ಪ್ರಶ್ನೆಯನ್ನು ಅಲ್ಲಿಯ ಒಬ್ಬ ಹುಡುಗನೂ ಕೇಳಿದ್ದ. "ಮ್ವಾಲಿಮು, ನಿಮ್ಮ ಊರಲ್ಲಿ ಮಕ್ಕಳಿಲ್ವಾ?" "ಇದ್ದಾರೆ, ತುಂಬಾ ಜನ" ಅಂದೆ. "ಹಾಗಾದರೆ ಅವರಿಗೆ ಯಾರು ಹೇಳಿಕೊಡ್ತಾರೆ?" ಅಷ್ಟರಲ್ಲಿ ಗಂಟೆ ಹೊಡೆಯಿತು, ಪುಣ್ಯಕ್ಕೆ.

ಹೋದ ತಿಂಗಳು ಟೀಚರ್ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು. ನಮ್ಮ ಪಟ್ಟಿ ಇನ್ನೂ ಗೋಡೆಯ ಮೇಲಿದೆ, ಅಂಚು ಹರಿದಿದೆ. ಕೊನೆಯ ಹಾಳೆಯನ್ನು ಹೊರಡುವ ಗಡಿಬಿಡಿಯಲ್ಲಿ ನಾನೊಬ್ಬಳೇ ಬರೆದಿದ್ದೆ. ಅದರಲ್ಲಿ ಭಿನ್ನರಾಶಿಯ ಎರಡು ಪದ ಅದಲುಬದಲಾಗಿದ್ದವು: 'ಕಿಯಾಸಿ' ಮೇಲಿನದು, 'ಅಸಿಲಿ' ಕೆಳಗಿನದು, ನಾನು ತಿರುಗಾಮುರುಗಾ ಬರೆದಿದ್ದೆ. ಯಾವುದೋ ಮಗು ಕೆಂಪು ಪೆನ್ನಿನಲ್ಲಿ ಎರಡನ್ನೂ ಹೊಡೆದು, ಅಸಿಲಿಯ ಎದುರು ದೊಡ್ಡದಾಗಿ 'ಡಿನಾಮಿನೇಟರ್' ಅಂತ ಇಂಗ್ಲಿಷಿನಲ್ಲಿ ಸರಿಯಾಗಿ ಬರೆದಿತ್ತು.