ಕುಕ್ಕರ್ ಕೂಗುತ್ತಿರಲಿಲ್ಲ

ಜುಲೈ 17, 2025, ಗುರುವಾರ. ರಾತ್ರಿ 11.40

ಮಳೆ. ಕರೆಂಟ್ ಎರಡು ಸಲ ಹೋಗಿ ಬಂತು. ಇವರು ಮಲಗಿದ ಮೇಲೆ ಮತ್ತೆ ಅದೇ ಹಳೆಯ ಅಮೆರಿಕನ್ ಕಾಮಿಡಿ ಸೀರಿಯಲ್ ಹಾಕಿಕೊಂಡು ಕೂತೆ. 'ದಿ ನ್ಯೂ ನಾರ್ಮಲ್'. 2012ರ ಸೆಪ್ಟೆಂಬರ್‌ನಲ್ಲಿ ಎನ್‌ಬಿಸಿಯಲ್ಲಿ ಶುರುವಾಗಿ, ಮುಂದಿನ ಏಪ್ರಿಲ್‌ಗೆ 22 ಕಂತಿಗೇ ಮುಗಿದುಹೋಯಿತು. ನಮ್ಮ ಸೀರಿಯಲ್‌ಗಳಲ್ಲಿ 22 ಕಂತಿಗೆ ಮದುವೆಮನೆ ಚಪ್ಪರವೂ ಏಳುವುದಿಲ್ಲ.

ಲಾಸ್ ಏಂಜಲೀಸ್‌ನ ಬ್ರಯಾನ್, ಡೇವಿಡ್. ಗಂಡಸರಿಬ್ಬರ ಸಂಸಾರ, ಮಗು ಬೇಕು. ಗಂಡನನ್ನು ಬಿಟ್ಟು, ಮಗಳನ್ನು ಕರೆದುಕೊಂಡು ಓಹಾಯೋದಿಂದ ಬಂದ ಗೋಲ್ಡಿ ಹೆತ್ತುಕೊಡಲು ಒಪ್ಪುತ್ತಾಳೆ. ಅವಳಿಗೆ ದುಡ್ಡು ಬೇಕು, ಲಾ ಓದಬೇಕು. ಬೆನ್ನಿಗೇ ಅಜ್ಜಿ ಜೇನ್ ಬಂದು ಎಲ್ಲರಿಗೂ ಚುಚ್ಚುತ್ತಾಳೆ. ಎಲೆನ್ ಬಾರ್ಕಿನ್ ಆ ಅಜ್ಜಿ. ನಗು ಬರೋದೂ ಅವಳ ವಿಷಕ್ಕೇ, ಮೈ ಉರಿಯೋದೂ ಅದಕ್ಕೇ.

ನನ್ನನ್ನು ಹಿಡಿದಿಟ್ಟಿದ್ದು ಬೇರೆ. ಎಷ್ಟು ಸಲೀಸಾಗಿ ಕೇಳುತ್ತಾರೆ! ಪರಿಚಯವಿಲ್ಲದ ಹೆಂಗಸು, ದುಡ್ಡು, ಕರಾರು, ಸಹಿ. ಮುಗೀತು.

ಅಕ್ಕ ಫೋನ್ ಮಾಡಿದ್ದು 2019ರ ಆಗಸ್ಟ್‌ನಲ್ಲಿ. ಬಾಡಿಗೆ ತಾಯ್ತನದ ಮಸೂದೆ ಲೋಕಸಭೆಯಲ್ಲಿ ಪಾಸಾಗಿತ್ತು. "ದುಡ್ಡು ಕೊಟ್ಟು ಮಾಡಿಸೋ ಹಾಗಿಲ್ವಂತೆ ಕಣೇ. ಹತ್ತಿರದ ಸಂಬಂಧಿಯೇ ಆಗಬೇಕಂತೆ. ಮದುವೆಯಾಗಿ ಮಗು ಇರಬೇಕಂತೆ. 25ರಿಂದ 35ರೊಳಗೆ." ಪೇಪರ್ ಓದಿದ ಹಾಗೆ ಹೇಳಿದಳು. ನನಗಾಗ 33. ಪುಟ್ಟಿಗೆ ಐದು. ಅವಳೇನೂ ನನ್ನನ್ನು ಕೇಳಲಿಲ್ಲವಲ್ಲ ಅಂತ ಒಳಗೊಳಗೇ ಎಷ್ಟೋ ದಿನ ವಾದ ಮಾಡಿದ್ದೇನೆ. ಮತ್ತೆ ವಯಸ್ಸು ಯಾಕೆ ಹೇಳಿದಳು?

"ನೋಡೋಣ" ಅಂದೆ. ಕುಕ್ಕರ್ ಕೂಗ್ತಿದೆ, ಇಡ್ತೀನಿ ಅಂದೆ. ಕೂಗುತ್ತಿರಲಿಲ್ಲ.

ನಾವು ಮಾತು ಬಿಟ್ಟಿದ್ದು ಅಪ್ಪನ ಸೈಟಿನ ವಿಷಯಕ್ಕೆ ಅಂತ ಊರೆಲ್ಲ ನಂಬಿದೆ. ನಂಬಲಿ, ನಮಗಿಬ್ಬರಿಗೂ ಅದೇ ಅನುಕೂಲ.

ಕೊನೆಗೆ 2021ರಲ್ಲಿ ಕಾಯ್ದೆಯಾಗುವಾಗ 'ಹತ್ತಿರದ ಸಂಬಂಧಿ' ಹೋಗಿ 'ಇಷ್ಟಪಟ್ಟು ಮುಂದೆ ಬರುವ ಮಹಿಳೆ' ಆಯಿತು. ಆಸ್ಪತ್ರೆ ಖರ್ಚು, 36 ತಿಂಗಳ ವಿಮೆ ಇಂಥವು ಬಿಟ್ಟರೆ ದುಡ್ಡು ಮುಟ್ಟುವಂತಿಲ್ಲ. ಬಾಡಿಗೆಯೇ ಇಲ್ಲ, ಆದರೂ ಜನರ ಬಾಯಲ್ಲಿ ಬಾಡಿಗೆ ತಾಯಿಯೇ. ಇಷ್ಟಪಟ್ಟು. ಅಷ್ಟು ಓದಿ ಪೇಪರ್ ಮಡಚಿಟ್ಟಿದ್ದೆ.

ಈಗ ನನಗೆ 39.

ಸಂಜೆ ಅಮ್ಮ ಫೋನ್ ಮಾಡಿದ್ದಳು.

"ಆಷಾಢ ಮುಗೀತಿದ್ದ ಹಾಗೇ ಅಕ್ಕನ ಮನೆ ಗೃಹಪ್ರವೇಶ. ಬರ್ತೀಯಲ್ಲ?"

"ಅವಳು ಕರೀಲಿ."

"ನಾನು ಕರೀತಿದೀನಲ್ಲೇ."

"ಅವಳು ಕರೀಲಿ ಅಮ್ಮ."

ಸ್ವಲ್ಪ ಹೊತ್ತು ಮಾತಿಲ್ಲ. ಆ ಕಡೆ ಸಾಗರದ ಮಳೆ ಹೆಂಚಿನ ಮೇಲೆ ಬೀಳೋದು ಕೇಳಿಸುತ್ತಿತ್ತು. ಆಮೇಲೆ ಅಮ್ಮ ಹೇಳಿದಳು, "ಮಾಡಿ ಮೇಲೆ ಒಂದು ರೂಮು ಜಾಸ್ತಿ ಹಾಕಿಸಿದಾಳೆ. ಇರೋರು ಇಬ್ಬರು, ಯಾಕೇ ಇದು ಅಂದೆ. ಪುಟ್ಟಿ ರಜಕ್ಕೆ ಬಂದ್ರೆ ಬೇಕಲ್ಲ ಅಂದ್ಲು."

ಕುಕ್ಕರ್ ಕೂಗ್ತಿದೆ ಅನ್ನೋಕೂ ಆಗಲಿಲ್ಲ ಇವತ್ತು.

ಕೊನೆಯ ಕಂತು ಉಳಿಸಿಟ್ಟಿದ್ದೇನೆ. ಅದರಲ್ಲಿ ಗೋಲ್ಡಿಗೆ ಹೆರಿಗೆ. ಅಯ್ಯೋ, ಕಡಲೆ ನೆನೆಸೋದೇ ಮರೆತೆ, ನಾಳೆ ಪುಟ್ಟಿ ಡಬ್ಬಿಗೆ