ಡೆಂಗಿ ಟಿಪ್ಪಣಿ ಯಾರ ಮೇಜಿಗೆ ಹೋಗಬೇಕು?

ತಾಲ್ಲೂಕು ಆರೋಗ್ಯಾಧಿಕಾರಿಗಳ ನಾಯಕತ್ವ ತರಬೇತಿಯಲ್ಲಿ ಸ್ಲೈಡುಗಳನ್ನು ಕಡಿಮೆ ಮಾಡಿ, ಒಂದು ಪುಟದ ಟಿಪ್ಪಣಿ ಬರೆಸಬೇಕು. ಬರೆದ ಟಿಪ್ಪಣಿ ಸಭೆಯ ನಡಾವಳಿಯಲ್ಲಿ ಸೇರುವ ತನಕ ಅದರ ಬೆನ್ನು ಹತ್ತುವುದನ್ನೂ ಕಲಿಸಬೇಕು.

ಡೆಂಗಿಯನ್ನೇ ತೆಗೆದುಕೊಳ್ಳಿ. ಊರಲ್ಲಿ ನಾಲ್ಕು ಜನರಿಗೆ ಜ್ವರ ಬಂದರೆ ಸಾಕು, ಎಲ್ಲರೂ ಕೇಳುವುದು ಫಾಗಿಂಗ್. ಆ ಹೊಗೆಗೆ ಸಾಯುವುದು ಹಾರಾಡುವ ಸೊಳ್ಳೆ ಮಾತ್ರ. ಡ್ರಮ್ಮಿನೊಳಗಿನ ಮರಿಗೆ ಏನೂ ಆಗುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮನೆಯೊಳಗೆ, ಮಂಚದಡಿ, ಬಟ್ಟೆಗಳ ಹಿಂದೆ ಕೂರುವುದರಿಂದ ಬೀದಿಯ ಹೊಗೆ ಅದನ್ನು ಮುಟ್ಟುವುದೂ ಕಷ್ಟ.

ಮೊದಲು 100 ಮನೆಗಳ ಲಾರ್ವಾ ಸಮೀಕ್ಷೆ ಮಾಡಿಸಿ. 18 ಮನೆಗಳಲ್ಲಿ, ಒಟ್ಟು 30 ಪಾತ್ರೆಗಳಲ್ಲಿ ಮರಿ ಸಿಕ್ಕಿತು ಎನ್ನಿ: ಹೌಸ್ ಇಂಡೆಕ್ಸ್ (ನೂರು ಮನೆಗಳಲ್ಲಿ ಮರಿ ಸಿಕ್ಕ ಮನೆಗಳು) 18, ಬ್ರೆಟೊ ಇಂಡೆಕ್ಸ್ (ನೂರು ಮನೆಗಳಿಗೆ ಮರಿ ಸಿಕ್ಕ ಪಾತ್ರೆಗಳು) 30. ಹೆಚ್ಚಿನ ವರದಿಗಳು ಇಲ್ಲಿಗೇ ನಿಂತುಬಿಡುತ್ತವೆ. ಆ 30ರಲ್ಲಿ ಎಷ್ಟು ಡ್ರಮ್ಮು, ಎಷ್ಟು ಸಿಮೆಂಟ್ ತೊಟ್ಟಿ, ಎಷ್ಟು ಟಯರು, ಎಷ್ಟು ತೆಂಗಿನ ಚಿಪ್ಪು ಎಂದು ಬಿಡಿಸಿ ಬರೆಯಿರಿ. 22 ಡ್ರಮ್ಮು-ತೊಟ್ಟಿಗಳೇ ಆಗಿದ್ದರೆ, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ನೀರುಗಂಟಿಯನ್ನು ಕೇಳಿ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ನೀರು ಬರುವುದೇ 8 ದಿನಕ್ಕೊಮ್ಮೆಯಾದರೆ ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ಒಣಗಿಸಿ ಎಂದು ಯಾವ ಬಾಯಲ್ಲಿ ಹೇಳುವುದು?

ಹಾಗಾಗಿ ಟಿಪ್ಪಣಿ ಹೋಗಬೇಕಾದ್ದು ನೀರಿನ ಹೊಣೆ ಹೊತ್ತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮತ್ತು ತಾಲ್ಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಮೇಜಿಗೆ. ಅದರಲ್ಲಿ ಪಾತ್ರೆಗಳ ಲೆಕ್ಕ ಮೂರು ಸಾಲು, ಕಾರಣ ಎರಡು ಸಾಲು, ಬೇಡಿಕೆ ಒಂದೇ: ಆ ಬಡಾವಣೆಗೆ 4 ದಿನಕ್ಕೊಮ್ಮೆ ನೀರು, ಇಂಥ ತಾರೀಖಿನಿಂದ. 'ಅಗತ್ಯ ಕ್ರಮ ಕೈಗೊಳ್ಳಲು ಕೋರಿದೆ' ಎಂದು ಮುಗಿಸಿದ ಪತ್ರ ಕಡತದಲ್ಲೇ ಮಲಗುತ್ತದೆ, ಏಕೆಂದರೆ ಯಾರು ಏನು ಮಾಡಬೇಕೆಂದು ಅದರಲ್ಲಿ ಇರುವುದಿಲ್ಲ. ಡ್ರಮ್ಮಿನ ಬಾಯಿಗೆ ಕಟ್ಟುವ ಬಟ್ಟೆ, ಟಯರು ತೆರವಿನಂಥ ಸಣ್ಣ ಖರ್ಚಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಕ್ತ ನಿಧಿ ಇದೆ, ವರ್ಷಕ್ಕೆ 10,000 ರೂ.ವರೆಗೆ.

2024ರಲ್ಲಿ ಕರ್ನಾಟಕ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಗ್ರಾಮದಲ್ಲಿ 200 ರೂ. ದಂಡ ಗೊತ್ತುಮಾಡಿತು. ನೀರಿಲ್ಲದೆ ತುಂಬಿಟ್ಟುಕೊಂಡವರ ಮೇಲೆ ಮೊದಲೇ ಅದನ್ನು ಹಾಕುವುದು ಅನ್ಯಾಯ. ಮಾರನೇ ಸಲ ಆಶಾ ಕಾರ್ಯಕರ್ತೆಗೆ ಆ ಮನೆಯ ಬಾಗಿಲು ತೆರೆಯುವುದಿಲ್ಲ.

ಮುಂದಿನ ತಿಂಗಳು ಅದೇ 100 ಮನೆಗಳನ್ನು ಮತ್ತೆ ನೋಡಿಸಿ. ಸಭೆ ಶುರುವಾಗುವುದೇ ಅನುಪಾಲನಾ ವರದಿಯಿಂದ, ಅಂದರೆ ಹಿಂದಿನ ಸಭೆಯ ತೀರ್ಮಾನಗಳು ಏನಾದವು ಎಂಬ ವರದಿಯಿಂದ. ಹೊಸ ಅಂಕಿಯನ್ನು ಹಳೆಯದರ ಪಕ್ಕದಲ್ಲಿ ಅಲ್ಲೇ ಓದಿ.